ಸೋತು ಹೋದವನೇ ಕಪ್ ಗೆದ್ದ ವರ್ಷ

ಕೇಳುಗರೇ, ನಮಸ್ಕಾರ.

ಎಂಟರ ಘಟ್ಟದಲ್ಲಿ ಸೋತು ಹೊರಬಿದ್ದ ಕೋಚ್ ಅದೇ ವರ್ಷ, ಅದೇ ಟೂರ್ನಿಯ ಕಪ್ ಗೆಲ್ಲೋದು ಅಂದ್ರೆ? ಆಗದ ಮಾತು ಅಂತೀರಿ, ಅಲ್ವಾ? ಆದರೆ 2019-20ರಲ್ಲಿ ಆಫ್ರಿಕಾದ ಫುಟ್‌ಬಾಲ್ ಕ್ಲಬ್ಬುಗಳ ಟೂರ್ನಿ ಚಾಂಪಿಯನ್ಸ್ ಲೀಗ್‌ನಲ್ಲಿ ಅದೇ ಆಯಿತು.

ಕೋಚ್ ಹೆಸರು ಪಿಟ್ಸೊ ಮೋಸಿಮಾನೆ, ದಕ್ಷಿಣ ಆಫ್ರಿಕಾದವರು. 2019ರಲ್ಲಿ ಅವರ ಮಾಮೆಲೋಡಿ ಸನ್‌ಡೌನ್ಸ್ ತಂಡ ಈಜಿಪ್ಟಿನ ಅಲ್ ಅಹ್ಲಿಯನ್ನು 5-0ರಿಂದ ಬಡಿದಿತ್ತು. ಅಹ್ಲಿಯಂಥ ದೊಡ್ಡ ಕ್ಲಬ್ಬಿಗೆ ಅದು ಸಾಮಾನ್ಯ ಅವಮಾನವಲ್ಲ. ಮರುವರ್ಷ ಅಹ್ಲಿ ಸೇಡು ತೀರಿಸಿಕೊಂಡಿತು. ಎಂಟರ ಘಟ್ಟದ ಎರಡು ಪಂದ್ಯಗಳಲ್ಲಿ ಕೈರೋದಲ್ಲಿ 2-0, ಪ್ರಿಟೋರಿಯಾದಲ್ಲಿ 1-1. ಸನ್‌ಡೌನ್ಸ್ ಕಥೆ ಮುಗಿಯಿತು.

ಅಷ್ಟರಲ್ಲಿ ಕೊರೊನಾ ಬಂತು. ಮಾರ್ಚ್‌ನಲ್ಲಿ ನಿಂತ ಟೂರ್ನಿ ಮತ್ತೆ ಶುರುವಾಗಿದ್ದು ಅಕ್ಟೋಬರ್‌ನಲ್ಲಿ. ಅಷ್ಟು ಹೊತ್ತಿಗೆ ಅಹ್ಲಿಯ ಕೋಚ್ ಹೋಗಿದ್ದರು. ಆ ಜಾಗಕ್ಕೆ ಕ್ಲಬ್ಬಿನವರು ಕರೆತಂದಿದ್ದು ಯಾರನ್ನು? ತಮಗೆ ಐದು ಗೋಲು ಹೊಡೆಸಿದ ಅದೇ ಮೋಸಿಮಾನೆಯನ್ನು! ನನಗಂತೂ ಇದು ಬಹಳ ಜಾಣ ಲೆಕ್ಕ ಅನಿಸುತ್ತದೆ.

ಸೆಮಿಫೈನಲ್‌ನಲ್ಲಿ ಅಹ್ಲಿ ಮೊರಾಕ್ಕೊದ ವಿದಾದ್ ತಂಡವನ್ನು ಸುಲಭವಾಗಿ ದಾಟಿತು. ಇನ್ನೊಂದು ಕಡೆಯಿಂದ ರಾಜಾ ತಂಡವನ್ನು ಸೋಲಿಸಿ ಬಂದದ್ದು ಜಮಾಲೆಕ್. ಅದೂ ಅಹ್ಲಿಯ ಊರಾದ ಕೈರೋದ್ದೇ! ಒಂದೇ ದೇಶದ ಎರಡು ತಂಡಗಳು ಈ ಫೈನಲ್‌ನಲ್ಲಿ ಎದುರಾಗಿದ್ದು ಅದೇ ಮೊದಲು. ಕೆಂಪಂಗಿಯ ಅಹ್ಲಿ, ಬಿಳಿಯಂಗಿಯ ಜಮಾಲೆಕ್. ನೂರು ವರ್ಷದ ಹಾವು-ಮುಂಗುಸಿ ಜಗಳ ಅದು. ಒಂದೇ ಮನೇಲಿ ಅಣ್ಣ ಕೆಂಪು, ತಮ್ಮ ಬಿಳಿ.

2020ರ ನವೆಂಬರ್ 27, ಶುಕ್ರವಾರ ರಾತ್ರಿ. ಇಂಥ ಪಂದ್ಯಕ್ಕೆ ಕೈರೋ ಸ್ಟೇಡಿಯಂ ಕಿಕ್ಕಿರಿಯಬೇಕಿತ್ತು. ಕೊರೊನಾದಿಂದಾಗಿ ಕುರ್ಚಿಗಳೆಲ್ಲ ಖಾಲಿ. ಐದನೇ ನಿಮಿಷಕ್ಕೇ ಅಮ್ರ್ ಅಲ್ ಸೊಲಿಯಾ ತಲೆಯಿಂದ ಗುದ್ದಿ ಅಹ್ಲಿಗೆ ಗೋಲು ಕೊಟ್ಟರು. ಅರ್ಧ ಗಂಟೆ ಕಳೆಯುತ್ತಲೇ ಜಮಾಲೆಕ್‌ನ ಶಿಕಬಾಲಾ ಸಮ ಮಾಡಿದರು. ಆಮೇಲೆ ಬರೀ ಎಳೆದಾಟ. ಹೆಚ್ಚುವರಿ ಸಮಯ ಗ್ಯಾರಂಟಿ ಅನ್ನೋ ಹೊತ್ತಿಗೆ, 86ನೇ ನಿಮಿಷದಲ್ಲಿ, ಪೆನಾಲ್ಟಿ ಬಾಕ್ಸಿನ ಹೊರಗಿದ್ದ ಅಹ್ಲಿಯ ಅಫ್ಶಾ ಬಳಿಗೆ ಚೆಂಡು ಬಂತು. ಅದನ್ನು ಬೀಸಿ ಒದ್ದರು. 2-1! ಅಹ್ಲಿಗೆ ಒಂಬತ್ತನೇ ಕಪ್, ಅದೂ ಏಳು ವರ್ಷ ಕಾದ ಮೇಲೆ. ಮೋಸಿಮಾನೆ ಬಂದು ಇನ್ನೂ ಎರಡು ತಿಂಗಳಾಗಿತ್ತಷ್ಟೇ.

ಆ ಗೋಲಿಗೆ ಅಹ್ಲಿ ಅಭಿಮಾನಿಗಳು ಒಂದು ಹೆಸರಿಟ್ಟಿದ್ದಾರೆ: ಅಲ್ ಕಾದಿಯಾ. ಬಾಕ್ಸಿಂಗ್‌ನಲ್ಲಿ ಎದುರಾಳಿಯನ್ನು ಮಲಗಿಸುವ ಕೊನೇ ಗುದ್ದು ಅಂತ ಅರ್ಥ. ಜಮಾಲೆಕ್‌ನವರ ಮುಂದೆ ಮಾತ್ರ ಆ ಪದ ಎತ್ತಬೇಡಿ. ಬರಲಾ? ನಮಸ್ಕಾರ.