ಗುಡ್ಡದಾಚೆಯಿಂದ ಬಂದ ಡಿ-ಡಾ: ಸೇನೆಯ ರೇಡಿಯೋ ಆಪರೇಟರ್ ಕೆಲಸ

[ದೃಶ್ಯ: ಮೇಜಿನ ಮೇಲೆ ಮೋರ್ಸ್ ಕೀ. ಬೆರಳು ಒತ್ತುತ್ತದೆ. ಡಿ-ಡಿ-ಡಾ-ಡಾ-ಡಿ-ಡಿ]

ನಮಸ್ಕಾರ. ಈಗ ಕೇಳಿದಿರಲ್ಲ, ಆ ಸದ್ದಿನ ಅರ್ಥ "ಇನ್ನೊಮ್ಮೆ ಕಳಿಸಿ". ನಾನು ಭಾರತೀಯ ಸೇನೆಯ ಸಿಗ್ನಲ್ಸ್‌ನಲ್ಲಿ ರೇಡಿಯೋ ಆಪರೇಟರ್ ಆಗಿದ್ದವನು. ಇಷ್ಟು ವರ್ಷವಾದರೂ ಬೆರಳಿಗೆ ಮರೆಯದ ಸದ್ದು ಇದು.

ಸಿಗ್ನಲ್ಸ್ ಅಂದರೆ ಸೇನೆಯ ಸಂಪರ್ಕದ ಪಡೆ. ಶುರುವಾಗಿದ್ದು 1911ರ ಫೆಬ್ರವರಿ 15ರಂದು. ಧ್ಯೇಯವಾಕ್ಯ "ತೀವ್ರ ಚೌಕಸ್". ಬೇಗ ತಲುಪಬೇಕು, ಬೇರೆಯವರ ಕೈಗೆ ಸಿಗಬಾರದು. ನನ್ನ ತರಬೇತಿ ಜಬಲ್ಪುರದಲ್ಲಾಯಿತು. ಅಲ್ಲಿ ಒಂದು ರೇಡಿಯೋ ಸೆಟ್‌ನ ಮೇಲೆ ಬಿಇಎಲ್, ಅಂದರೆ ಭಾರತ್ ಎಲೆಕ್ಟ್ರಾನಿಕ್ಸ್, ಅಂತ ಓದಿದ ದಿನ ಇನ್ನೂ ನೆನಪಿದೆ. 1954ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಂಪನಿ ಅಲ್ವಾ ಅದು! ಊರು ಬಿಟ್ಟು ಬಂದ ಹುಡುಗನಿಗೆ ನಮ್ಮ ಕಡೆಯವರೇ ಯಾರೋ ಎದುರು ಸಿಕ್ಕ ಹಾಗಾಗಿತ್ತು.

[ದೃಶ್ಯ: ಕಾಗದದ ಮೇಲೆ ಒಂದು ಚುಕ್ಕಿ, ಒಂದು ಗೆರೆ. ಆಮೇಲೆ ಕಾಗದವನ್ನು ಮಗುಚಿ ಇಡುವುದು]

ಅಕ್ಷರಗಳನ್ನು ಚಿಕ್ಕ, ಉದ್ದ ಸದ್ದುಗಳಾಗಿ ಕಳಿಸುವ ಸಂಕೇತವೇ ಮೋರ್ಸ್. ಮೋರ್ಸ್ ಅಂದರೆ ಚುಕ್ಕಿ, ಗೆರೆ ಅಂತ ಎಲ್ಲರೂ ಹೇಳುತ್ತಾರೆ. ನಮ್ಮ ಉಸ್ತಾದರು ಮೊದಲ ದಿನವೇ ಹೇಳಿದರು, ಚುಕ್ಕಿ-ಗೆರೆ ಮರೆತುಬಿಡಿ, ಸದ್ದು ಕೇಳಿ. "ಡಿ" ಎಷ್ಟು ಹೊತ್ತೋ "ಡಾ" ಅದರ ಮೂರರಷ್ಟು. ಎರಡು ಅಕ್ಷರಗಳ ನಡುವೆ ಮೂರು "ಡಿ"ಯಷ್ಟು ಮೌನ, ಎರಡು ಪದಗಳ ನಡುವೆ ಏಳರಷ್ಟು. ಮೌನವನ್ನೂ ಅಳೆದು ಬಾರಿಸಬೇಕು. ಕೆಲವು ವಾರ ತಲೆ ಕೆಟ್ಟು ಹೋಗುತ್ತದೆ. ಆಮೇಲೆ ಒಂದು ದಿನ "ಡಿ-ಡಾ" ಅಂತ ಕಿವಿಗೆ ಬಿದ್ದ ಕೂಡಲೇ ಕೈ ತಾನಾಗಿ "ಎ" ಅಂತ ಬರೆದುಬಿಡುತ್ತದೆ.

ಗುಪ್ತ ಸಂದೇಶಗಳು ಐದೈದು ಅಕ್ಷರದ ಗುಂಪಾಗಿ ಬರುತ್ತಿದ್ದವು. ಕೇಳುವವನಿಗೆ ಒಂದಕ್ಕೂ ಅರ್ಥವಿಲ್ಲ. ಹಾಗಾಗಿ ಊಹೆಗೆ ಜಾಗವೇ ಇಲ್ಲ. "ಎಸ್" ಅಂದರೆ ಮೂರು ಡಿ, "ಎಚ್" ಅಂದರೆ ನಾಲ್ಕು. ಒಮ್ಮೆ ಗುಡುಗಿನ ಕರಕರ ಸದ್ದಿನಲ್ಲಿ ಒಂದು ಡಿ ಮುಳುಗಿಹೋಯಿತು. ಕೇಳಲು ನಾಚಿಕೆಯಾಗಿ ಸುಮ್ನೆ "ಎಸ್" ಬರೆದುಬಿಟ್ಟೆ. ಆ ಸಂದೇಶದ ಒಂದು ಮಾತು ಬಿಡಿಸಲಾಗದೆ ಉಳಿಯಿತು. ಉಸ್ತಾದರು ಬೈಯಲಿಲ್ಲ. ಹಾಳೆಯ ಮೇಲೆ ಆ ಅಕ್ಷರದ ಹತ್ತಿರ ಬೆರಳಿಟ್ಟು, "ಇಲ್ಲಿ ಕೇಳಬೇಕಿತ್ತು" ಅಂದರು, ಅಷ್ಟೇ. ಅವತ್ತಿನಿಂದ ನಾನು ಅನುಮಾನ ಬಂದಾಗೆಲ್ಲ ಕೇಳಿದ್ದೇನೆ. ಡಿ-ಡಿ-ಡಾ-ಡಾ-ಡಿ-ಡಿ.

[ದೃಶ್ಯ: ಎರಡು ಕಣಿವೆ, ನಡುವೆ ಬೆಟ್ಟ. ಒಂದು ಕಣಿವೆಯಿಂದ ಬಾಣದ ಗುರುತು ಮೇಲಕ್ಕೆ ಹೋಗಿ ಇನ್ನೊಂದಕ್ಕೆ ಇಳಿಯುತ್ತದೆ]

ಈಗ ಎಲ್ಲರೂ ಕೇಳುವ ಪ್ರಶ್ನೆ. ನಡುವೆ ಅಷ್ಟು ದೊಡ್ಡ ಬೆಟ್ಟ ಇದ್ದರೆ ರೇಡಿಯೋ ಹೇಗೆ ಕೇಳಿಸುತ್ತದೆ? ವಿಎಚ್‌ಎಫ್, ಅಂದರೆ ತುಂಬ ಹೆಚ್ಚಿನ ಫ್ರೀಕ್ವೆನ್ಸಿಯ ಸೆಟ್ ಆದರೆ ಕಷ್ಟ. ಅದರ ಅಲೆ ಹೆಚ್ಚುಕಡಿಮೆ ನೇರ ಹೋಗುತ್ತದೆ, ಬೆಟ್ಟ ತಡೆಯುತ್ತದೆ. ಅದಕ್ಕಿಂತ ಕಡಿಮೆ ಫ್ರೀಕ್ವೆನ್ಸಿಯ ಎಚ್‌ಎಫ್ ಹಾಗಲ್ಲ. ಆಂಟೆನಾ ವೈರನ್ನು ನೆಲಕ್ಕೆ ಹತ್ತಿರವಾಗಿ, ಬಟ್ಟೆ ಒಣಗಿಸುವ ಹಗ್ಗದಂತೆ ಅಡ್ಡಡ್ಡ ಕಟ್ಟುತ್ತಿದ್ದೆವು. ಅಲೆ ನೆಟ್ಟಗೆ ಆಕಾಶಕ್ಕೆ ಏರಿ, ತುಂಬ ಎತ್ತರದಲ್ಲಿರುವ ಅಯಾನುಗೋಳ ಎಂಬ ಗಾಳಿಯ ಪದರಕ್ಕೆ ತಾಗಿ, ಮಳೆಯಂತೆ ಸುತ್ತಲಿನ ಕಣಿವೆಗಳಿಗೆಲ್ಲ ಇಳಿಯುತ್ತಿತ್ತು. ಇದು ಮೊದಲ ಸಲ ಅರ್ಥವಾದಾಗ ನನಗೆ ಮೈ ಜುಮ್ಮೆಂದಿತ್ತು. ಸೂರ್ಯ ಮುಳುಗಿದರೆ ಆ ಪದರ ಬದಲಾಗುತ್ತದೆ. ಅದಕ್ಕೇ ಹಗಲಿಗೊಂದು ಫ್ರೀಕ್ವೆನ್ಸಿ, ರಾತ್ರಿಗೆ ಅದಕ್ಕಿಂತ ಕಡಿಮೆ ಇನ್ನೊಂದು.

ಮಾತು ಮಾತ್ರ ಚಿಕ್ಕದಾಗಿರಬೇಕು. ಜಾಸ್ತಿ ಹೊತ್ತು ಕೀ ಒತ್ತಿದರೆ ಶತ್ರು ಎರಡು ಕಡೆಯಿಂದ ದಿಕ್ಕು ಹಿಡಿದು, ಗೆರೆ ಎಳೆದು, ನಾವಿರುವ ಜಾಗ ಕಂಡುಹಿಡಿಯಬಹುದು. ಚಳಿಯ ಕಾಟ ಬೇರೆ. ಬ್ಯಾಟರಿ ಬೇಗ ಸೋಲುತ್ತದೆ. ರಾತ್ರಿ ಅದನ್ನು ಸ್ಲೀಪಿಂಗ್ ಬ್ಯಾಗ್‌ನೊಳಗೆ ಪಕ್ಕದಲ್ಲೇ ಮಲಗಿಸಿಕೊಳ್ಳುತ್ತಿದ್ದೆವು.

ನಾನು ನಿಜವಾಗಿ ಹೇಳಬೇಕೆಂದಿದ್ದು ಕೈಯ ವಿಷಯ. ಒಬ್ಬೊಬ್ಬರು ಕೀ ಒತ್ತುವ ರೀತಿ ಒಂದೊಂದು, ಅಕ್ಷರ ಬರೆಯುವ ಹಾಗೆಯೇ. ಮೇಲಿನ ಪೋಸ್ಟಿನಲ್ಲಿದ್ದ ಹುಡುಗನ ಮುಖವನ್ನು ನಾನು ನೋಡಿಯೇ ಇರಲಿಲ್ಲ. ಆದರೆ ಅವನು ಕೊನೆಯ ಡಾ ಒಂಚೂರು ಎಳೆಯುತ್ತಾನೆ ಅಂತ ಗೊತ್ತಿತ್ತು.

ಒಂದು ರಾತ್ರಿ ಅಲ್ಲಿ ಹಿಮಗಾಳಿ. ಗೊತ್ತು ಮಾಡಿದ್ದ ಎರಡು ಹೊತ್ತಿಗೂ ಆ ಪೋಸ್ಟ್ ಮಾತಾಡಲಿಲ್ಲ. ಲಾಗ್ ಪುಸ್ತಕದಲ್ಲಿ ಎರಡು ಸಲ "ಉತ್ತರ ಇಲ್ಲ" ಅಂತ ಬರೆದೆ. ಎರಡನೇ ಸಲ ಬರೆಯುವಾಗ ಪೆನ್ಸಿಲ್ ಭಾರ ಅನಿಸಿತು. ಮೂರನೇ ಸಲ ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿ ಹಿಡಿದೆ. ಬರೀ ಬುಸ್ ಅನ್ನುವ ಸದ್ದು. ಅದರ ಅಡಿಯಲ್ಲೆಲ್ಲೋ, ಸೊಳ್ಳೆ ಹಾಡಿದಷ್ಟು ಸಣ್ಣಗೆ, ಒಂದು ಡಾ. ಒಂಚೂರು ಎಳೆದ ಡಾ.

"ಅವನೇ" ಅಂದೆ. ಪಕ್ಕದಲ್ಲಿದ್ದವರು ಮಲಗಿದ್ದವರನ್ನೆಲ್ಲ ಎಬ್ಬಿಸಿದರು.

ಅವನಿಗೆ ನಮ್ಮ ಮಾತು ಸರಿಯಾಗಿ ಕೇಳಿಸಿರಲಿಲ್ಲ. ಅವನು ಬಾರಿಸಿದ್ದು ಇದು.

[ಸದ್ದು: ಡಿ-ಡಿ-ಡಾ-ಡಾ-ಡಿ-ಡಿ]

ಕಳಿಸಿದೆ. ನಿಧಾನವಾಗಿ, ಒಂದೊಂದೇ ಅಕ್ಷರ, ಮೂರು ಸಲ.