ದುಡ್ಡು ಬಂದರೆ ಸಾಕಾ? ಕುರ್ಚಿ ಎಲ್ಲಿ?

ನಮಸ್ಕಾರ. ಇವತ್ತು ಪೀಠಿಕೆ ಇಲ್ಲ. ಸಿಟ್ಟು ಬಂದಿದೆ, ನೇರವಾಗಿ ಅದಕ್ಕೇ ಹೋಗೋಣ.

ಹೋದ ವಾರ ಒಂದು ವಿಡಿಯೊ ಹಾಕಿದ್ದೆ. ಇಲ್ಲಿ ಅಮೆರಿಕದ ಸೇಂಟ್ ಪಾಲ್‌ನಲ್ಲಿ ನಮ್ಮ ಮನೆಯ ಹಿಂದಿನ ಓಣಿಗೆ ದೀಪ ಬೇಕು ಅಂತ ಒಂದು ಮೀಟಿಂಗಿಗೆ ಹೋಗಿದ್ದ ಕಥೆ. ಹದಿನಾಲ್ಕು ಜನ, ಒಂದು ಫ್ಲಾಸ್ಕ್ ಕಾಫಿ, ಎರಡೂವರೆ ಗಂಟೆ. ಅದರ ಕೆಳಗೆ ಒಬ್ಬ ಮಹಾನುಭಾವರು ಬರೆದಿದ್ದಾರೆ: "ಗುರೂ, ಮೀಟಿಂಗಿನಿಂದ ಯಾವ ಊರು ಉದ್ಧಾರ ಆಗಿದೆ? ದುಡ್ಡು ಬಂದರೆ ಊರು ತಾನಾಗೇ ಏಳುತ್ತೆ. ನೀವು ಸುಮ್ನೆ ಕೂತು ಕಾಫಿ ಕುಡೀರಿ." ಅದಕ್ಕೆ 212 ಲೈಕ್. ನನ್ನ ವಿಡಿಯೊಗೆ ಬಂದಿದ್ದು 190. ಹೊಟ್ಟೆ ಉರಿಯಲ್ವಾ?

ಸರಿ ಸ್ವಾಮಿ, ಕೂತಿದ್ದೇನೆ, ಕಾಫಿಯೂ ಇದೆ. ಈಗ ಕೇಳಿಸಿಕೊಳ್ಳಿ.

ನಾನು ಧಾರವಾಡದವನು. ಅವಳಿ ನಗರ ಅನ್ನೋ ಪದ ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಹುಬ್ಬಳ್ಳಿ, ಧಾರವಾಡ ಎರಡಕ್ಕೂ 1962ರಿಂದ ಒಂದೇ ಮಹಾನಗರ ಪಾಲಿಕೆ. ಏನೇ ಬಂದರೂ ಹುಬ್ಬಳ್ಳಿಗೇ ಹೋಯಿತು ಅಂತ ಧಾರವಾಡದವರು ಗೊಣಗಿದ್ದೇ ಗೊಣಗಿದ್ದು. 2025ರ ಜನವರಿಯಲ್ಲಿ ಧಾರವಾಡಕ್ಕೆ ಬೇರೆ ಪಾಲಿಕೆ ಅಂತ ಸಚಿವ ಸಂಪುಟ ಒಪ್ಪಿದಾಗ ನಮ್ಮ ಕಾಕಾ ಫೋನ್ ಮಾಡಿ, "ತಮ್ಮಾ, ಈಗರ ನಮ್ಮ ಗಟಾರ ನಾವೇ ಬಳಕೋಬಹುದು ನೋಡು" ಅಂದರು. ಅಂಥ ಊರಿನಿಂದ ಬಂದು ಇಲ್ಲಿ ಮಿನೆಸೋಟದಲ್ಲಿ ಇಳಿದರೆ, ಇಲ್ಲೂ ಅವಳಿ ನಗರ! ಮಿಸಿಸಿಪ್ಪಿ ದಡದಲ್ಲಿ ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್. ಇಲ್ಲೂ ಅದೇ ಗೊಣಗು. ಎಲ್ಲಾ ಮಿನಿಯಾಪೊಲಿಸ್‌ಗೇ ಹೋಯಿತು ಅಂತ ಸೇಂಟ್ ಪಾಲ್‌ನವರು ಹೇಳುವಾಗ ನನಗೆ ಕಾಕಾನ ದನಿಯೇ ಕೇಳಿಸುತ್ತೆ.

ಈ ಎರಡೂರಿನ ಜಿದ್ದು ಎಷ್ಟು ಹಳೇದು ಗೊತ್ತಾ? 1890ರ ಜನಗಣತಿಯಲ್ಲಿ ಎರಡೂ ಊರು ಸುಳ್ಳು ತಲೆಗಳನ್ನು ಸೇರಿಸಿಬಿಟ್ಟವು. ಇಲ್ಲದ ಜನ, ಇಲ್ಲದ ಮನೆ, ರೈಲ್ವೆ ಸ್ಟೇಷನ್‌ನಲ್ಲೇ ನೂರಾರು ಜನ ವಾಸ ಅಂತ ಲೆಕ್ಕ. ಸರ್ಕಾರ ಮತ್ತೆ ಎಣಿಸಿದಾಗ ಮಿನಿಯಾಪೊಲಿಸ್‌ನಿಂದ ಸುಮಾರು 18 ಸಾವಿರ ಜನ ಮಾಯ. ಸೇಂಟ್ ಪಾಲ್‌ನಿಂದ ಸುಮಾರು 9 ಸಾವಿರ. ಸುಳ್ಳು ಹೇಳೋದರಲ್ಲೂ ಸೇಂಟ್ ಪಾಲ್ ಎರಡನೇ ಸ್ಥಾನ. ಪಾಪ.

ಇರಲಿ, ವಿಷಯಕ್ಕೆ ಬರುತ್ತೇನೆ. ನನ್ನ ಮಾತು ಒಂದೇ. ಊರನ್ನು ಮತ್ತೆ ಎಬ್ಬಿಸೋದು ಮಡಚೋ ಕುರ್ಚಿ. ಚರ್ಚಿನ ನೆಲಮಾಳಿಗೆಯಲ್ಲಿ, ಶಾಲೆಯ ಜಿಮ್‌ನಲ್ಲಿ ಸಾಲಾಗಿ ಹಾಕಿರುತ್ತಾರಲ್ಲ, ಕೂತರೆ ಕಿರ್ ಅನ್ನುವ ಕಬ್ಬಿಣದ ಕುರ್ಚಿ. ಅದರ ಮೇಲೆ ಸಂಜೆ ಏಳಕ್ಕೆ ಬಂದು ಕೂರುವವರು ಇದ್ದರೆ ಊರು ಉಳಿಯುತ್ತೆ. ಇಲ್ಲದಿದ್ದರೆ ದುಡ್ಡು ಬಂದರೂ ಊರು ಹೋಗುತ್ತೆ.

"ದುಡ್ಡು ಬಂದರೆ ತಾನಾಗೇ ಏಳುತ್ತೆ" ಅಂದಿರಲ್ಲ? ಬಂದಿತ್ತು ಸ್ವಾಮಿ! 1950ರ ದಶಕದ ಕೊನೆಯಲ್ಲಿ ಮಿನಿಯಾಪೊಲಿಸ್‌ಗೆ ಕೇಂದ್ರ ಸರ್ಕಾರದ ದುಡ್ಡು ಬಂತು, ಊರು ಹೊಸದು ಮಾಡಿ ಅಂತ. ಏನು ಮಾಡಿದರು? ಗೇಟ್‌ವೇ ಅನ್ನೋ ಇಡೀ ಪ್ರದೇಶವನ್ನು ಕೆಡವಿದರು. ಸುಮಾರು 200 ಕಟ್ಟಡ. ಡೌನ್‌ಟೌನ್, ಅಂದರೆ ಊರಿನ ನಡುಪೇಟೆ, ಅದರ ಹೆಚ್ಚುಕಡಿಮೆ ಶೇಕಡ 40 ಭಾಗ ನೆಲಸಮ. ಅಲ್ಲಿ ಮೆಟ್ರೊಪಾಲಿಟನ್ ಬಿಲ್ಡಿಂಗ್ ಅಂತ ಒಂದಿತ್ತು. 1890ರ ಹನ್ನೆರಡು ಮಹಡಿ ಕಲ್ಲಿನ ಕಟ್ಟಡ. ಒಳಗೆ ನಡುವೆ ತೆರೆದ ಅಂಗಳ, ಸುತ್ತಲೂ ಕಬ್ಬಿಣದ ಕುಸುರಿ, ಓಡಾಡೋ ನೆಲಕ್ಕೆ ಗಾಜು. ಅದನ್ನೂ 1961ರಲ್ಲಿ ಒಡೆಯೋಕೆ ಶುರು ಮಾಡಿದರು. ಅಷ್ಟೆಲ್ಲಾ ಒಡೆದ ಜಾಗದಲ್ಲಿ ಎಷ್ಟೋ ವರ್ಷ ಏನಿತ್ತು ಹೇಳಿ? ಪಾರ್ಕಿಂಗ್! ಕೋಟಿಗಟ್ಟಲೆ ಸುರಿದು ಕಾರು ನಿಲ್ಲಿಸೋ ಬಯಲು ಮಾಡಿದರು. ಅದೇ ನಿಮ್ಮ ದುಡ್ಡು. ಕುರ್ಚಿ ಎಲ್ಲಿತ್ತು?

(ಇಲ್ಲಿ ಒಂದು ಗುಟುಕು ಕಾಫಿ. ಈ ಮಗ್ ಚೆನ್ನಾಗಿದೆ ಅಲ್ವಾ? ಮೇಲೆ ಮಡಚೋ ಕುರ್ಚಿಯ ಚಿತ್ರ. ನನ್ನ ಹೆಂಡತಿ ಬರೆದದ್ದು. ಲಿಂಕ್ ಕೆಳಗಿದೆ. ಇದುವರೆಗೆ ಆರು ಮಗ್ ಮಾರಾಟವಾಗಿವೆ. ಅದರಲ್ಲಿ ನಾಲ್ಕು ನಮ್ಮ ಅತ್ತೆ ತಗೊಂಡಿದ್ದು.)

ಈಗ ನದಿ ದಾಟಿ ಸೇಂಟ್ ಪಾಲ್‌ಗೆ ಬನ್ನಿ. ರೊಂಡೊ. ಈ ಹೆಸರು ನೆನಪಿಟ್ಟುಕೊಳ್ಳಿ. ಊರಿನ ಕಪ್ಪು ಜನರ ಕೇರಿ ಅದು. ಅವರದೇ ಅಂಗಡಿ, ಅವರದೇ ಚರ್ಚು, ಕ್ಷೌರದಂಗಡಿ, ಸ್ವಂತ ಮನೆಗಳು. 1956ರಿಂದ 1968ರ ನಡುವೆ ಆ ಕೇರಿಯ ಹೊಟ್ಟೆ ಸೀಳಿ ಐ-94 ಹೆದ್ದಾರಿ ಹಾಕಿದರು. 600ಕ್ಕೂ ಹೆಚ್ಚು ಕುಟುಂಬ ಮನೆ ಬಿಟ್ಟವು. ಪಕ್ಕದಲ್ಲೇ ರೈಲು ಹಳಿಯ ಗುಂಟ ಬೇರೆ ದಾರಿ ಇದೆ ಅಂತ ಹೇಳಿದ ಎಂಜಿನಿಯರ್ ಕೂಡ ಇದ್ದರು. ಕೇಳಿದವರು ಯಾರು? ಅದೂ ದುಡ್ಡೇ ಅಲ್ವಾ? ಅದಕ್ಕೂ ಅಭಿವೃದ್ಧಿ ಅಂತಲೇ ಹೆಸರಿಟ್ಟಿದ್ದರು. ಮೇಯರ್ ಕ್ರಿಸ್ ಕೋಲ್ಮನ್ ಊರಿನ ಪರವಾಗಿ ಕ್ಷಮೆ ಕೇಳಿದ್ದು 2015ರಲ್ಲಿ. ಅಷ್ಟೊತ್ತಿಗೆ ಆ ಮನೆಗಳಲ್ಲಿ ಹುಟ್ಟಿದ ಮಕ್ಕಳಿಗೆ ಮೊಮ್ಮಕ್ಕಳಾಗಿದ್ದವು.

ಈಗ ನೀವು ಬುದ್ಧಿವಂತರು ಒಬ್ಬರು ಎದ್ದು ನಿಲ್ಲುತ್ತೀರಿ, ನನಗೆ ಗೊತ್ತು. "ಸಾರ್, ರೊಂಡೊದವರೂ ಸಂಘ ಕಟ್ಟಿ ಮೀಟಿಂಗ್ ಮಾಡಿದ್ದರಲ್ಲ, ಹೆದ್ದಾರಿ ನಿಲ್ಲಲಿಲ್ಲವಲ್ಲ?" ಹೌದು, ಮಾಡಿದ್ದರು. ಹೆದ್ದಾರಿ ನಿಲ್ಲಲಿಲ್ಲ. ಆದರೆ ಅದನ್ನು ತಲೆಯ ಮೇಲೆ ಕಂಬ ಎಬ್ಬಿಸಿ ಹಾಕಬೇಡಿ, ನೆಲ ಅಗೆದು ತಗ್ಗಿನಲ್ಲಿ ಹಾಕಿ ಅಂತ ಹಟ ಹಿಡಿದು ಅಷ್ಟನ್ನಾದರೂ ಪಡೆದರು. ಇವತ್ತು ಆ ತಗ್ಗಿನ ಮೇಲೆ ಮುಚ್ಚಳದ ಹಾಗೆ ಭೂಸೇತುವೆ ಹಾಸಿ ಎರಡು ದಡ ಕೂಡಿಸೋಣ ಅನ್ನೋ ಮಾತು ನಡೀತಿದೆಯಲ್ಲ, ಅದು ಹೇಗೆ ಸಾಧ್ಯ? ರಸ್ತೆ ತಗ್ಗಿನಲ್ಲಿ ಇರೋದರಿಂದ! ಯಾರು ತಗ್ಗಿಗೆ ಇಳಿಸಿದ್ದು? ಕುರ್ಚಿ! ಕೂತುಕೊಳ್ಳಿ ನೀವು.

ಇನ್ನೂ ಬೇಕಾ? ಗ್ರೀನ್ ಲೈನ್ ರೈಲು. ಎರಡು ಡೌನ್‌ಟೌನ್‌ಗಳ ನಡುವೆ 11 ಮೈಲಿ. ಯೂನಿವರ್ಸಿಟಿ ಅವೆನ್ಯೂ ಮೇಲೆ ಹೋಗುತ್ತೆ. ಮಿಡ್‌ವೇ, ಫ್ರಾಗ್‌ಟೌನ್, ರೊಂಡೊದಲ್ಲಿ ಉಳಿದವರ ಮನೆಗಳು, ಲಾವೋಸ್ ಕಡೆಯಿಂದ ಬಂದ ಹ್ಮಾಂಗ್ ಜನರ, ವಿಯೆಟ್ನಾಮಿನವರ ಅಂಗಡಿಗಳು ಎಲ್ಲಾ ಅದರ ಆಚೀಚೆ. ಮೊದಲ ನಕ್ಷೆಯಲ್ಲಿ ಏನಿತ್ತು? ಬೇರೆ ಕಡೆ ಅರ್ಧ ಮೈಲಿಗೊಂದು ಸ್ಟೇಷನ್. ಇವರ ಕೇರಿ ಬಂದ ಕೂಡಲೇ ಮೈಲಿಗೊಂದು. ಬಸ್ಸಿಗೆ ಜಾಸ್ತಿ ನಂಬಿಕೊಂಡಿರುವವರು ಯಾರೋ ಅವರೇ ಜಾಸ್ತಿ ನಡೀಬೇಕು. ಅದೂ ಜನವರಿಯಲ್ಲಿ. ಮಿನೆಸೋಟದ ಜನವರಿಯಲ್ಲಿ ಮೂಗು ಇದೆಯೋ ಬಿದ್ದುಹೋಯಿತೋ ಅಂತ ಮುಟ್ಟಿ ನೋಡಿಕೊಳ್ಳಬೇಕು, ಆಗ ಅರ್ಧ ಮೈಲಿ ನಡೆಯೋದು ಏನು ಅಂತ ಕೇಳಬೇಡಿ. ಕಾರಣ ಕೇಳಿದರೆ ಅಧಿಕಾರಿಗಳು ಸೂತ್ರ ತೋರಿಸಿದರು. ಇಷ್ಟು ಖರ್ಚಿಗೆ ಇಷ್ಟು ಉಳಿತಾಯ ಅಂತ ಕೇಂದ್ರದ ಲೆಕ್ಕ. ಒಂದು ಸ್ಟೇಷನ್ ಜಾಸ್ತಿ ಹಾಕಿದರೆ ಸೂತ್ರ ಮುರಿಯುತ್ತೆ, ಇಡೀ ರೈಲಿಗೇ ದುಡ್ಡು ಬರಲ್ಲ.

ಜನ ಸೂತ್ರ ನೋಡಿ ಮನೆಗೆ ಹೋದರಾ? ಇಲ್ಲ. ಕುರ್ಚಿ ಬಿಚ್ಚಿದರು. ಮೀಟಿಂಗಿನ ಮೇಲೆ ಮೀಟಿಂಗು. ವೆಸ್ಟರ್ನ್, ವಿಕ್ಟೋರಿಯ, ಹ್ಯಾಮ್ಲಿನ್, ಈ ಮೂರು ಅಡ್ಡರಸ್ತೆಗಳಲ್ಲಿ ಸ್ಟೇಷನ್ ಬೇಕು ಅಂತ ವರ್ಷಗಟ್ಟಲೆ ಹೇಳಿದ್ದನ್ನೇ ಹೇಳಿದರು. 2010ರ ಜನವರಿಯಲ್ಲಿ ಕೇಂದ್ರ ಸರ್ಕಾರ ಆ ಲೆಕ್ಕದ ನಿಯಮವನ್ನೇ ಸಡಿಲಿಸಿತು. ಮೂರೂ ಸ್ಟೇಷನ್ ಬಂದವು. 2014ರ ಜೂನ್ 14ರಂದು ರೈಲು ಓಡಿದಾಗ ಮೂರರಲ್ಲೂ ನಿಂತಿತು. ನಾನು ವಾರಕ್ಕೆ ನಾಲ್ಕು ದಿನ ವಿಕ್ಟೋರಿಯದಲ್ಲೇ ಇಳಿಯೋದು. ನನ್ನ ಮೂಗು ಇವತ್ತು ಮುಖದ ಮೇಲಿದೆ ಅಂದರೆ ಅದಕ್ಕೆ ಯಾರೋ ಒಬ್ಬ ಅಜ್ಜಿ 2008ರಲ್ಲೋ 2009ರಲ್ಲೋ ಕುರ್ಚಿಯ ಮೇಲೆ ಕೂತಿದ್ದೇ ಕಾರಣ.

ರೈಲು ಹಾಕೋಕೆ ದುಡ್ಡು ಬೇಡವಾ ಅಂತೀರಿ. ಬೇಕು. 957 ಮಿಲಿಯನ್ ಡಾಲರ್ ಬೇಕಾಯಿತು. ನಾನೇನು ದುಡ್ಡು ಬೇಡ ಅಂದೆನಾ? ದುಡ್ಡು ಎಲ್ಲಿ ನಿಲ್ಲಬೇಕು ಅಂತ ಹೇಳೋದು ಯಾರು ಅಂತ ಕೇಳುತ್ತಿದ್ದೇನೆ.

ಮಿನಿಯಾಪೊಲಿಸ್‌ನವರು ಬೇಜಾರು ಮಾಡಿಕೊಳ್ಳಬೇಡಿ, ನಿಮಗೂ ಒಂದು. ಲೇಕ್ ಸ್ಟ್ರೀಟ್ ಪಕ್ಕ ಮಿಡ್‌ಟೌನ್ ಗ್ರೀನ್‌ವೇ. ಮೊದಲು ಅದು ರೈಲು ಹಳಿಯ ಹಳ್ಳ. ಕಸ, ಹಳೇ ಟೈರು, ಪೊದೆ. 1990ರ ದಶಕದಲ್ಲಿ ಅಕ್ಕಪಕ್ಕದ ಬಡಾವಣೆಯವರು ಸೇರಿ ಇಲ್ಲಿ ಸೈಕಲ್ ದಾರಿ ಮಾಡಿ ಅಂತ ಬೆನ್ನು ಹತ್ತಿದರು. ಈಗ ಐದೂವರೆ ಮೈಲಿ ಸೈಕಲ್ ದಾರಿ, ಹೆಚ್ಚಿನ ಕಡೆ ಕಾರು ಅಡ್ಡ ಬರಲ್ಲ. ಅದರ ದಡದಲ್ಲೇ ಖಾಲಿ ಬಿದ್ದಿದ್ದ, ಸಿಯರ್ಸ್ ಅನ್ನೋ ದೊಡ್ಡ ಅಂಗಡಿಯವರ ಹಳೇ ಕಟ್ಟಡ, ಅದರೊಳಗೆ 2006ರಲ್ಲಿ ಗ್ಲೋಬಲ್ ಮಾರ್ಕೆಟ್ ತೆರೆಯಿತು. ಅಲ್ಲಿನ ಊಟದ ಬಗ್ಗೆ ನಂದೇ ಬೇರೆ ವಿಡಿಯೊ ಇದೆ, ಮರೀದೆ ನೋಡಿ, ಅದರಲ್ಲಿ ನಾನು ತೆಳ್ಳಗಿದ್ದೇನೆ.

ಅದೇ ಊರು 1990ರಿಂದ ಇಪ್ಪತ್ತು ವರ್ಷ, ವರ್ಷಕ್ಕೆ 20 ಮಿಲಿಯನ್ ಡಾಲರ್ ಎತ್ತಿಟ್ಟು ಬಡಾವಣೆಗಳಿಗೆ ಹಂಚೋ ಯೋಜನೆ ಹಾಕಿತು. ಎಲ್ಲಿ ಖರ್ಚು ಮಾಡಬೇಕು ಅಂತ ನೀವೇ ಕೂತು ಯೋಜನೆ ಬರೀರಿ ಅಂತ. ಅಂದರೆ ಏನಾಯಿತು? ದುಡ್ಡೇ ಕುರ್ಚಿ ಹುಡುಕಿಕೊಂಡು ಬಂತು!

"ಆದರೆ ಆ ಮೀಟಿಂಗುಗಳಿಗೆ ಬಂದವರು ಸ್ವಂತ ಮನೆಯವರೇ ಜಾಸ್ತಿ, ಬಾಡಿಗೆಯವರು ಕಡಿಮೆ." ಹೌದು, ಆ ಟೀಕೆ ಆಗಲೂ ಇತ್ತು. ಸಂಜೆ ಪಾಳಿ ಇರುವವರು ಏಳಕ್ಕೆ ಹೇಗೆ ಬರೋದು, ಮಗು ಇರುವವರು ಹೇಗೆ ಬರೋದು. ಹಾಗಾದರೆ ಜಾಸ್ತಿ ಕುರ್ಚಿ ಹಾಕಿ! ಬೆಳಿಗ್ಗೆಯೂ ಹಾಕಿ! ಇದಕ್ಕೂ ನಾನೇ ಉತ್ತರ ಹೇಳಬೇಕಾ?

"ಕುರ್ಚಿಯವರೇ ಹೊಸ ಅಪಾರ್ಟ್‌ಮೆಂಟಿಗೆ ಅಡ್ಡ ಬರುತ್ತಾರೆ." ಬರುತ್ತಾರೆ. ಒಂದೇ ಮನೆಯ ಸೈಟಿನಲ್ಲಿ ಮೂರು ಮನೆ ಕಟ್ಟಬಹುದು ಅಂತ ಮಿನಿಯಾಪೊಲಿಸ್ 2018ರಲ್ಲಿ ಯೋಜನೆ ಒಪ್ಪಿದಾಗ ಪರಿಸರದ ಹೆಸರು ಹೇಳಿ ಕೋರ್ಟಿಗೆ ಹೋದರು, ವರ್ಷಗಟ್ಟಲೆ ಎಳೆದರು. ಆದರೆ ಕೋರ್ಟಿನಲ್ಲಿ ಇರೋದು ಬೆಂಚು. ಕುರ್ಚಿ ಅಲ್ಲ. ನಗಬೇಡಿ, ನಾನು ಗಂಭೀರವಾಗಿ ಹೇಳುತ್ತಿದ್ದೇನೆ.

"ಸೇಂಟ್ ಪಾಲ್ ಬಾಡಿಗೆ ಕಾನೂನು?" ಬಂದೇ ಬರುತ್ತೆ ಇದು, ಪ್ರತಿ ಸಲ. 2021ರ ನವೆಂಬರ್‌ನಲ್ಲಿ ಜನ ಮತ ಹಾಕಿ ಬಾಡಿಗೆ ವರ್ಷಕ್ಕೆ ಶೇಕಡ 3ಕ್ಕಿಂತ ಏರಬಾರದು ಅಂದರು. ಹೊಸ ಕಟ್ಟಡಕ್ಕೂ ಅದೇ ಮಿತಿ. ಕಟ್ಟುವವರು ಕೈ ಹಿಂದೆ ತೆಗೆದರು. 2022ರಲ್ಲಿ ಕೌನ್ಸಿಲ್ ಹೊಸ ಕಟ್ಟಡಗಳಿಗೆ 20 ವರ್ಷ ವಿನಾಯಿತಿ ಕೊಟ್ಟಿತು, 2025ರಲ್ಲಿ 2004ರ ಆಮೇಲೆ ಕಟ್ಟಿದ್ದಕ್ಕೆಲ್ಲಾ ಪೂರ್ತಿ ವಿನಾಯಿತಿ. ನೋಡಿ, ಅದು ವೋಟು. ವೋಟು ನಿಂತುಕೊಂಡು ಹಾಕೋದು. ನಾನು ಮಾತಾಡುತ್ತಿರೋದು ಕೂತುಕೊಳ್ಳೋದರ ಬಗ್ಗೆ. ಬೇರೆ ವಿಷಯ. ಮುಂದೆ.

ಮುಂದೆ ಏನಿತ್ತು ಅಂತ ಚೀಟಿ ನೋಡುತ್ತೇನೆ... "ಹಿಮ" ಅಂತ ಬರೆದಿದ್ದೇನೆ. ಹಾಂ, ಹಿಮ. ಎರಡೂ ಊರಿಗೆ ಹಿಮ ಬಿದ್ದ ದಿನದ ಪಾರ್ಕಿಂಗ್ ನಿಯಮ ಬೇರೆ ಬೇರೆ. ಒಂದು ಊರಿನ ನಿಯಮ ನೆನಪಿಟ್ಟುಕೊಂಡು ಇನ್ನೊಂದು ಊರಿನಲ್ಲಿ ಗಾಡಿ ನಿಲ್ಲಿಸಿ, ಬೆಳಿಗ್ಗೆ ಎದ್ದು ನೋಡಿದರೆ ಗಾಡಿ ಇಲ್ಲ. ಯಾವ ಊರು ಅಂತ ಹೇಳಲ್ಲ. ತಪ್ಪು ನನ್ನದೇ. ಇದಕ್ಕೂ ಕುರ್ಚಿಗೂ ಏನು ಸಂಬಂಧ ಅಂತ ಬರೆಯುವಾಗ ಗೊತ್ತಿತ್ತು, ಈಗ ಮರೆತಿದೆ. ಆದರೆ ಸಂಬಂಧ ಇದೆ.

ನೋಡಿ, ಸೇಂಟ್ ಪಾಲ್‌ನಲ್ಲಿ 17 ಡಿಸ್ಟ್ರಿಕ್ಟ್ ಕೌನ್ಸಿಲ್‌ಗಳಿವೆ, ಅಂದರೆ ಊರಿನ ಒಂದೊಂದು ಭಾಗಕ್ಕೆ ಒಂದೊಂದು ಜನರ ಸಭೆ. 1970ರ ದಶಕದಿಂದ ಇವೆ. ಸಂಬಳ ಇಲ್ಲದ ನೆರೆಹೊರೆಯವರೇ ಬೋರ್ಡಿನಲ್ಲಿ ಇರೋದು. ಯಾರು ಬೇಕಾದರೂ ಹೋಗಬಹುದು. ದೀಪದ ಮೀಟಿಂಗಿಗೆ ನಾನು ಹೋದಾಗ ನನ್ನ ಇಂಗ್ಲಿಷಿನ ಧಾರವಾಡ ರಾಗಕ್ಕೆ ಯಾರೂ ನಗಲಿಲ್ಲ. ಎಲ್ಲಿಂದ ಬಂದೆ ಅಂತಲೂ ಕೇಳಲಿಲ್ಲ. ನಿಮ್ಮ ಓಣಿಯಲ್ಲಿ ಕಂಬ ಎಷ್ಟಿವೆ ಅಂತ ಕೇಳಿದರು. ಎಣಿಸಿಕೊಂಡು ಹೋಗಿರಲಿಲ್ಲ. ಮಾನ ಹೋಯಿತು.

ಹಾಗಾಗಿ 212 ಲೈಕಿನ ಮಹಾನುಭಾವರೇ, ನಿಮಗೆ ಒಂದೇ ಪ್ರಶ್ನೆ. ನಿಮ್ಮ ಬೀದಿಯಲ್ಲಿ ಎಷ್ಟು ಕಂಬ? ಹೇಳಿ ನೋಡೋಣ. ಹೇಳಲ್ಲ, ಗೊತ್ತಿಲ್ಲ ನಿಮಗೆ. ನನಗೆ ಈಗ ಗೊತ್ತು. ಒಂಬತ್ತು. ಎರಡು ಉರಿಯಲ್ಲ. ಮೂರನೇದು ಉರಿಯುತ್ತೆ, ಆದರೆ ಹಗಲು.

ಆರೂವರೆ ಆಯಿತು, ನಾನು ಹೊರಡಬೇಕು. ಏಳಕ್ಕೆ ಮೀಟಿಂಗ್. ಹೋದ ಸಲ ಕೊನೆಯಲ್ಲಿ ಕುರ್ಚಿ ಮಡಚುವಾಗ ಜಾರಿಕೊಂಡೆ ಅಂತ ಇವತ್ತು ಹದಿನಾಲ್ಕೂ ನನ್ನ ಪಾಲಿಗೆ ಬಂದಿವೆ. ಸಬ್‌ಸ್ಕ್ರೈಬ್ ಮಾಡಿ. ಮಗ್ ತಗೊಳ್ಳಿ. ಅತ್ತೆ, ನೀವು ಬೇಡ, ಸಾಕು.