ಅಮ್ಮನನ್ನ ಕೇಳಿದ್ರಾ?

ನಮಸ್ಕಾರ. ಈ ವಾರಕ್ಕೆ ಬೇರೆ ಏನೋ ಬರೆದಿಟ್ಟಿದ್ದೆ. ಅದನ್ನು ಪಕ್ಕಕ್ಕೆ ಇಟ್ಟಿದ್ದೇನೆ. ಭಾನುವಾರ ಗುಬ್ಬಿ ಕಡೆ ನಮ್ಮ ದೊಡ್ಡಮ್ಮನ ಮನೆಗೆ ಹೋಗಿದ್ದೆ. ಬಂದಾಗಿನಿಂದ ಮನಸ್ಸು ಸರಿ ಇಲ್ಲ.

ದೊಡ್ಡಮ್ಮನಿಗೆ 78 ವರ್ಷ. ಮನೆಯಲ್ಲಿ ಒಬ್ಬರೇ. ಮಗ ಬೆಂಗಳೂರಿನಲ್ಲಿ. ಸಂಜೆ ಇಬ್ಬರೂ ಜಗಲಿ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದೆವು. ಇದ್ದಕ್ಕಿದ್ದ ಹಾಗೆ ಬಾಗಿಲ ಮೇಲಿಂದ ಜೋರಾಗಿ ಒಂದು ದನಿ. "ಅಮ್ಮಾ, ಥಂಡಿ ಗಾಳೀಲಿ ಯಾಕೆ ಕೂತಿದ್ದೀಯ? ಒಳಗೆ ಹೋಗು." ನಾನು ಬೆಚ್ಚಿಬಿದ್ದೆ. ತಲೆ ಎತ್ತಿದರೆ ಕ್ಯಾಮೆರಾ! ದೊಡ್ಡಮ್ಮ ಒಂದು ಮಾತೂ ಆಡಲಿಲ್ಲ. ಮೊರ ಎತ್ತಿಕೊಂಡು ಒಳಗೆ ನಡೆದರು.

ನಡುಮನೆಯಲ್ಲಿ ಇನ್ನೊಂದು ಕ್ಯಾಮೆರಾ. ಅಡುಗೆಮನೆ ಮೂಲೆಗೆ ಹೋದ ಮೇಲೆ ಹೇಳಿದರು, "ಇಲ್ಲಿಗೆ ಕಾಣಲ್ಲ ಕಣಪ್ಪ. ಇಲ್ಲೇ ಹತ್ರ ಕೂತ್ಕೋ." ಸೀರೆ ಬದಲಾಯಿಸೋಕೆ ಬಚ್ಚಲಿಗೇ ಹೋಗುತ್ತಾರಂತೆ. ಪಕ್ಕದ ಮನೆ ಅಕ್ಕ ದಿನಾ ಸಂಜೆ ಎಲೆಅಡಿಕೆ ತಟ್ಟೆ ಮುಂದೆ ಬಂದು ಕೂರುತ್ತಿದ್ದರು. ಈಗ ಬರಲ್ಲ. "ನಿನ್ನ ಮಗ ಎಲ್ಲಾ ಕೇಳಿಸ್ಕೋತಾನೆ" ಅಂದರಂತೆ.

ಅಣ್ಣನಿಗೆ ಫೋನ್ ಮಾಡಿದೆ. "ಹಾಕಿಸೋ ಮುಂಚೆ ದೊಡ್ಡಮ್ಮನನ್ನ ಕೇಳಿದ್ಯಾ ಅಣ್ಣಾ?" "ಕೇಳೋದೇನು? ಅವಳ ಒಳ್ಳೇದಕ್ಕೇ ಅಲ್ವಾ?" ಅಂದ.

ನನಗೆ ಸಿಟ್ಟು ಬಂದಿದ್ದೇ ಅಲ್ಲಿ. ಅಣ್ಣ ಕೆಟ್ಟವನಲ್ಲ. ಅಮ್ಮನ ಮೇಲೆ ಜೀವ ಇಟ್ಟಿದ್ದಾನೆ. ಆದರೆ ಒಂದು ಹಸು ತರಬೇಕಾದರೂ ಮನೆಯಲ್ಲಿ ಎಲ್ಲರನ್ನೂ ಕೇಳುತ್ತೇವೆ. ಅಮ್ಮನ ತಲೆ ಮೇಲೆ ಕಣ್ಣು ಕೂರಿಸುವಾಗ ಅಮ್ಮನನ್ನ ಕೇಳಬಾರದಾ?

ನಮ್ಮಪ್ಪನ ವಿಷಯ ಹೇಳುತ್ತೇನೆ. ತುರುವೇಕೆರೆ ಹತ್ತಿರ ತೆಂಗಿನ ತೋಟ. ವಯಸ್ಸು 71. ಬಿಪಿ, ಹಾರ್ಟು ಎಲ್ಲಾ ತೋರಿಸುವ ವಾಚ್ ಕೊಡಿಸಬೇಕು ಅಂತ ನಾನೂ ದುಡ್ಡು ಎತ್ತಿಟ್ಟಿದ್ದೆ. ಕೊಳ್ಳೋ ಮುಂಚೆ ಕೇಳಿದೆ, "ಅಪ್ಪಾ, ನಿಮಗೆ ಈಗ ಕಷ್ಟ ಆಗ್ತಿರೋದು ಏನು?" ಯೋಚನೆ ಕೂಡ ಮಾಡಲಿಲ್ಲ. "ರಾತ್ರಿ ಮೋಟ್ರು ಕಣಪ್ಪ" ಅಂದರು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೋಟರ್ ಓಡೋಕೆ ಬೇಕಾದ ತ್ರೀ ಫೇಸ್ ಕರೆಂಟ್ ಯಾವ ಹೊತ್ತಿನಲ್ಲೋ ಬರುತ್ತದೆ. ಅಪ್ಪ ಟಾರ್ಚ್ ಹಿಡಿದು, ಮಂಡಿ ನೋವು ಇಟ್ಟುಕೊಂಡು, ಬದು ದಾಟಿ ಬೋರ್‌ವೆಲ್ ಹತ್ತಿರ ಹೋಗಬೇಕು. ಕಾಲಡಿ ಒಣ ತೆಂಗಿನ ಗರಿ. ಗರಿ ಅಡಿಯಲ್ಲಿ ಹಾವಿದ್ದರೆ ಗೊತ್ತಾಗಲ್ಲ. ಇಷ್ಟು ವರ್ಷ ನಾನು ಹಾಸಿಗೆ ಮೇಲೆ ಮಲಗಿದ್ದಾಗ ಅವರು ಹಾಗೆ ಹೋಗುತ್ತಿದ್ದರು.

ಮೊಬೈಲ್ ಸ್ಟಾರ್ಟರ್ ಹಾಕಿಸಿದೆವು. ಹಳೇ ಸ್ಟಾರ್ಟರ್ ಪಕ್ಕ ಒಂದು ಪುಟ್ಟ ಡಬ್ಬಿ. ಒಳಗೆ ಒಂದು ಸಿಮ್. ಕರೆಂಟ್ ಬಂದ ತಕ್ಷಣ ಅದೇ ಅಪ್ಪನಿಗೆ ಫೋನ್ ಮಾಡುತ್ತದೆ. ಅಪ್ಪ ಮಂಚದ ಮೇಲಿಂದಲೇ ನಂಬರ್ ಒತ್ತಿ ಮೋಟರ್ ಆನ್ ಮಾಡುತ್ತಾರೆ. ನೀರು ನಿಂತರೆ ಮೋಟರ್ ಸುಟ್ಟುಹೋಗದ ಹಾಗೆ ತಾನೇ ಆಫ್ ಆಗುತ್ತದೆ. ಅವರ ಗುಂಡಿ ಫೋನೇ ಸಾಕಾಯಿತು. ವಯಸ್ಸಾದವರನ್ನು ನೋಡಿಕೊಳ್ಳುವ ಯಂತ್ರ ಅಂತ ಇದನ್ನು ಯಾವ ಅಂಗಡಿಯಲ್ಲೂ ಮಾರುವುದಿಲ್ಲ. ನಮ್ಮಪ್ಪ ರಾತ್ರಿ ನಿದ್ದೆ ಮಾಡುತ್ತಿರುವುದು ಅದರಿಂದಲೇ. ಕೇಳಿದ್ದಕ್ಕೆ ಗೊತ್ತಾಯಿತು!

"ಬಿದ್ದುಬಿಟ್ಟರೆ?" ಅಂತೀರ. ಎಲ್ಲರೂ ಮೊದಲು ಹೇಳುವುದು ಇದನ್ನೇ. ಸ್ವಾಮಿ, ಬಿದ್ದವರನ್ನು ಕ್ಯಾಮೆರಾ ಎತ್ತುವುದಿಲ್ಲ. ಗುಬ್ಬಿಯಿಂದ ಬೆಂಗಳೂರು ಸುಮಾರು 90 ಕಿಲೋಮೀಟರ್. ನೀವು ನೆಲಮಂಗಲ ದಾಟುವ ಹೊತ್ತಿಗೆ ಏನೇನಾಗಿರುತ್ತದೋ. ಎತ್ತಬೇಕಾದವರು ಪಕ್ಕದ ಮನೆ ಅಕ್ಕ. ಅವರನ್ನೇ ಜಗಲಿಯಿಂದ ಎಬ್ಬಿಸಿ ಕಳಿಸಿದ್ದೀರಲ್ಲ! ಬಚ್ಚಲಲ್ಲಿ ಜಾರಿದರೆ ಅಲ್ಲಿ ಕ್ಯಾಮೆರಾನೇ ಇಲ್ಲ. ಅಲ್ಲಿಗೆ ಬೇಕಾಗಿರುವುದು ಗೋಡೆಗೆ ಒಂದು ಹಿಡಿ, ಜಾರದ ಮ್ಯಾಟ್, ರಾತ್ರಿ ತಾನೇ ಹತ್ತಿಕೊಳ್ಳುವ ಒಂದು ದೀಪ. ಪಕ್ಕದ ಮನೆ ನಂಬರ್ ಫೋನಿನ ಒಂದೇ ಗುಂಡಿಗೆ ಇರಲಿ. ಬಿದ್ದರೆ ತಾನೇ ಫೋನ್ ಮಾಡುವ ವಾಚ್‌ಗಳೂ ಇವೆ, ಆಪಲ್‌ನವರು 2018ರಲ್ಲೇ ತಂದರು. ಒಳ್ಳೆಯ ವಸ್ತುವೇ. ಆದರೆ ಅದನ್ನು ಚಾರ್ಜ್ ಮಾಡುತ್ತಾ ಇರಬೇಕು, ಬಚ್ಚಲಲ್ಲೂ ಕೈಯಲ್ಲಿರಬೇಕು. ಕಟ್ಟಿಕೊಳ್ಳುತ್ತಾರಾ? ಕೇಳಿದ್ರಾ?

"ಅವರಿಗೆ ಇದೆಲ್ಲ ಅರ್ಥ ಆಗಲ್ಲ" ಅನ್ನುವವರಿಗೆ ನಾನು ಜಾಸ್ತಿ ಉತ್ತರ ಕೊಡುವುದಿಲ್ಲ. ರೈಲ್ವೆಯಿಂದ ರಿಟೈರ್ ಆದ ನಮ್ಮ ಸೋದರಮಾವ ಪ್ರತಿ ನವೆಂಬರ್‌ನಲ್ಲಿ ಬದುಕಿದ್ದೇನೆ ಅಂತ ಬ್ಯಾಂಕಿಗೆ ಪ್ರಮಾಣಪತ್ರ ಕೊಡಬೇಕು. ಬೆರಳು ಸವೆದು ಯಂತ್ರ ಗುರುತೇ ಹಿಡಿಯುತ್ತಿರಲಿಲ್ಲ. ಈ ಪ್ರಮಾಣಪತ್ರವನ್ನು ಆನ್‌ಲೈನ್‌ನಲ್ಲೇ ಕೊಡುವ ಸರ್ಕಾರದ ವ್ಯವಸ್ಥೆ ಜೀವನ್ ಪ್ರಮಾಣ್‌ನಲ್ಲಿ 2021ರಿಂದ ಫೋನಿಗೆ ಮುಖ ತೋರಿಸಿದರೂ ಆಗುತ್ತದೆ. ಮಗಳು ಒಂದು ಮಧ್ಯಾಹ್ನ ಪಕ್ಕದಲ್ಲಿ ಕೂತು ಹೇಳಿಕೊಟ್ಟಳು. ಈಗ ಬೀದಿಯ ಇನ್ನೂ ಮೂವರಿಗೆ ಅವರೇ ಮಾಡಿಕೊಡುತ್ತಾರೆ. ಅರ್ಥ ಆಗಲ್ಲ ಅಂತ ಸುಮ್ನೆ ಹೇಳಬೇಡಿ. ಕೂತು ಹೇಳಿಕೊಟ್ಟಿದ್ದೀರಾ ನೀವು?

ನಮ್ಮ ಚಾನೆಲ್‌ಗೆ ಇನ್ನೂ ಸಬ್‌ಸ್ಕ್ರೈಬ್ ಆಗಿಲ್ಲದಿದ್ದರೆ ಆಗಿ. ಮುಂದಿನ ವಾರ ತೋಟದಿಂದಲೇ ಆ ಸ್ಟಾರ್ಟರ್ ತೋರಿಸುತ್ತೇನೆ, ಅಪ್ಪನೇ ಮಾತಾಡುತ್ತಾರೆ. ಇನ್ನೊಂದು, ಹಿರಿಯರ ಸಹಾಯವಾಣಿ 14567. ಫೋನಿನಲ್ಲಿ ಮೋಸ ಹೋಗಿ ದುಡ್ಡು ಕಳೆದುಕೊಂಡರೆ ತಡಮಾಡದೆ 1930. ಎರಡನ್ನೂ ದೊಡ್ಡ ಅಕ್ಷರದಲ್ಲಿ ಬರೆದು ಕ್ಯಾಲೆಂಡರ್ ಪಕ್ಕ ಅಂಟಿಸಿ. ಅದಕ್ಕೂ ಮುಂಚೆ ಕೇಳಿ. ಅಮ್ಮನನ್ನ ಕೇಳಿ, ಅಪ್ಪನನ್ನ ಕೇಳಿ. ಬಾಯಿಬಿಟ್ಟು ಕೇಳಿ!

ಆವತ್ತು ಹೊರಡುವಾಗ ನಾನು ದೊಡ್ಡಮ್ಮನನ್ನ ಕೇಳಿದೆ. "ನಿಮಗೆ ಏನು ಬೇಕು ದೊಡ್ಡಮ್ಮ?" ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು, "ಕಿವಿಗೆ ಏನಾದ್ರೂ ಹಾಕಿಸ್ತೀಯೇನಪ್ಪಾ? ಅವನು ಫೋನಲ್ಲಿ ಹೇಳೋದು ಸರಿಯಾಗಿ ಕೇಳ್ಸಲ್ಲ. ಸುಮ್ನೆ ಹೂಂ, ಹೂಂ ಅಂತಿರ್ತೀನಿ."

ದಿನಾ ರಾತ್ರಿ ಫೋನ್ ಮಾಡುತ್ತಾನೆ ಅಣ್ಣ. ಅವನಿಗೆ ಇದು ಗೊತ್ತೇ ಇಲ್ಲ.

ಗುರುವಾರ ದೊಡ್ಡಮ್ಮನನ್ನು ಕಿವಿ ಪರೀಕ್ಷೆಗೆ ತುಮಕೂರಿಗೆ ಕರೆದುಕೊಂಡು ಹೋಗುತ್ತಿದ್ದೇನೆ. ಅಣ್ಣಾ, ಇದನ್ನ ನೋಡ್ತಿದ್ದರೆ ಒಂದು ದಿನ ರಜೆ ಹಾಕು. ಹತ್ತು ಗಂಟೆಗೆ ಬಸ್ ಸ್ಟ್ಯಾಂಡ್ ಹತ್ತಿರ ಇರ್ತೀವಿ.